ಜ್ವರದ ಕಲ್ಲಿನ ಕಥೆಯನ್ನೂ ಬರೆದಿಡೋಣ

ಮಾನ್ಯ ಸಂಪಾದಕರೆ,

ಆರೋಗ್ಯ ಸಹಾಯಕಿಯಾಗಿ 31 ವರ್ಷ ಮನೆ ಮನೆ ತಿರುಗಿದವಳು ನಾನು. ಲಸಿಕೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಪುಟ್ಟ ಊರಿನ ಓಣಿ ಓಣಿ ನಡೆದಿದ್ದೇನೆ. ಕೆರೆ ಏರಿಯ ಕೆಳಗೆ ಎದೆಮಟ್ಟದ ಒಂದು ಕಲ್ಲಿತ್ತು. ಎಲ್ಲರೂ ಅದನ್ನು ಜ್ವರದ ಕಲ್ಲು ಅನ್ನುತ್ತಿದ್ದರು. ಮಗುವಿನ ಮೈ ಬಿಸಿಯಾದರೆ ಒಂದು ಬಿಂದಿಗೆ ನೀರು ತಂದು ಅದರ ನೆತ್ತಿಯ ಮೇಲೆ ಸುರಿಯುವುದು ರೂಢಿ. "ಕಲ್ಲಿಗೆ ಆಮೇಲೆ ನೀರು ಹಾಕಿ, ಮೊದಲು ಆಸ್ಪತ್ರೆಗೆ ಬನ್ನಿ" ಅಂತ ಎಷ್ಟು ತಾಯಂದಿರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತನ್ನು ಈಗಲೂ ಹೇಳುತ್ತೇನೆ. ಆದರೆ ಅಷ್ಟು ವರ್ಷದಲ್ಲಿ ಆ ಕಲ್ಲಿನ ಮೇಲೆ ಏನಿದೆ ಅಂತ ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ನಿವೃತ್ತಿಯಾದ ಮೇಲೆ ನೋಡಿದೆ. ಪಕ್ಕದ ಬೀದಿಯ ಕನ್ನಡ ಮೇಷ್ಟ್ರು ಒಬ್ಬರು ಹಗಲಲ್ಲಿ ಬೇಡ, ರಾತ್ರಿ ಹೋಗೋಣ ಅಂದರು. ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಪಕ್ಕದಿಂದ, ಕಲ್ಲಿನ ಮೈಗೆ ತಾಗಿಸಿದ ಹಾಗೆ ಹಿಡಿಯಬೇಕು. ಆಗ ಪ್ರತಿ ಗೀರಿನಲ್ಲೂ ನೆರಳು ತುಂಬಿಕೊಂಡು ಕಲ್ಲು ಎದ್ದು ಕೂರುತ್ತದೆ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಎಳೆದು ನಿಂತ ಗಂಡಸು, ಅವನ ಬೆನ್ನ ಹಿಂದೆ ಹಸುಗಳು. ನಡುವಿನ ಪಟ್ಟಿಯಲ್ಲಿ ಇಬ್ಬರು ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಪಟ್ಟಿಗಳ ನಡುವೆ ಎರಡು ಸಾಲು ಅಕ್ಷರ, ಅರ್ಧಕ್ಕರ್ಧ ಸವೆದಿವೆ. ಮೇಷ್ಟ್ರು ಬೆರಳಿಟ್ಟು "ತುಱು" ಅಂತ ಓದಿದರು. ತುಱು ಅಂದರೆ ದನ. ನಾವು ಬಿಟ್ಟೇಬಿಟ್ಟ ಆ ಹಳೆಯ ಱ ಅಕ್ಷರವನ್ನು ಬೆರಳಿನಿಂದ ಮುಟ್ಟಿದಾಗ ನನ್ನ ಕಣ್ಣು ತುಂಬಿ ಬಂತು.

ಅದು ವೀರಗಲ್ಲು. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ, ಬಿಡಿಸಿ ತರುವಾಗ ಸತ್ತವನಿಗೆ ಊರು ನಿಲ್ಲಿಸಿದ ಕಲ್ಲು.

ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಇಂಗ್ಲಿಷ್ ವಿದ್ವಾಂಸ ಬಿ.ಎಲ್. ರೈಸ್ ಅವರು ಹಳೆ ಮೈಸೂರು ಸೀಮೆ ಮತ್ತು ಕೊಡಗಿನ ಶಾಸನಗಳನ್ನೆಲ್ಲ ಓದಿಸಿ, 'ಎಪಿಗ್ರಾಫಿಯಾ ಕರ್ನಾಟಿಕ' ಅಂತ 12 ಸಂಪುಟ ತಂದರು. ಅದರಲ್ಲಿ ಸುಮಾರು 9000 ಶಾಸನಗಳಿವೆ. ಪ್ರತಿ ತಾಲ್ಲೂಕಿಗೂ ಬೇರೆ ಬೇರೆ ನಂಬರು. ನಮ್ಮ ಕಲ್ಲೂ ಅದರಲ್ಲಿ ಸಿಕ್ಕಿತು. ಒಂದು ನಂಬರು, ಕಲ್ಲು ಇರುವ ಜಾಗ, ಎರಡು ಸಾಲು ಪಾಠ. ಅಷ್ಟೇ. ಜ್ವರದ ಕಲ್ಲು ಅನ್ನುವ ಹೆಸರೂ ಇಲ್ಲ, ನೀರಿನ ಮಾತೂ ಇಲ್ಲ.

ಆ ಮಾತು ಸಿಕ್ಕಿದ್ದು ನಾನು ಮೊದಲಿಂದ ಹೋಗಿ ಬರುತ್ತಿದ್ದ ಮನೆಯ ಒಬ್ಬ ಅಜ್ಜಿಯ ಹತ್ತಿರ. "ದನ ಹೊಡ್ಕೊಂಡು ಬಂದ ಕಣವ್ವ. ಏರಿ ಮೇಲೆ ಬಂದು ಬಿದ್ದ. ನೀರು ನೀರು ಅಂದ. ಕೆರೆ ಅಲ್ಲೇ ಅದೆ, ಹೆಂಗಸರು ಬಿಂದಿಗೆ ತುಂಬ್ಕೊಂಡು ಬರೋ ಹೊತ್ತಿಗೆ ಜೀವ ಹೋಗಿತ್ತು. ಅದಕ್ಕೇ ಹಾಕ್ತೀವಿ. ಅವನ ದಾಹ ತೀರಿದ್ರೆ ಕೂಸಿನ ಮೈ ತಣ್ಣಗಾಯ್ತದೆ" ಅಂದರು. ನಾನು ಮಾತಾಡದೆ ಕೂತೆ. ಶಾಸನದಲ್ಲಿ ಅವನ ಹೆಸರು ಸವೆದು ಹೋಗಿದೆ. ಆದರೆ ಅವನಿಗೆ ನೀರು ಸಿಗಲಿಲ್ಲ ಅನ್ನುವುದನ್ನು ಹೆಂಗಸರು ಇಷ್ಟು ಕಾಲ ನೆನಪಿಟ್ಟುಕೊಂಡಿದ್ದಾರೆ.

ಇದು ಬರೀ ಕಟ್ಟುಕಥೆ ಇರಬಹುದು ಅನ್ನುವವರಿದ್ದಾರೆ. ಇರಲಿ. ಬೆಂದ ಕಾಳಿನಿಂದ ಬೆಂಗಳೂರು ಎಂಬ ಹೆಸರು ಬಂತು ಅಂತ ಹೊಯ್ಸಳ ದೊರೆ ವೀರಬಲ್ಲಾಳನ ಕಥೆ ಹೇಳುತ್ತಾರಲ್ವಾ? ಬೇಗೂರಿನ ವೀರಗಲ್ಲಿನಲ್ಲಿ ಅವನಿಗಿಂತ ಸುಮಾರು 300 ವರ್ಷ ಮೊದಲೇ ಬೆಂಗಳೂರಿನ ಹೆಸರಿದೆ. ಹಾಗಂತ ಕಾಳಿನ ಕಥೆಯನ್ನು ಯಾರೂ ಬಿಸಾಡಿಲ್ಲ. ಕಲ್ಲಿನ ಮಾತು ಬೇರೆ, ಬಾಯಿಮಾತು ಬೇರೆ. ಎರಡೂ ಬೇಕು.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ. ಸುಮಾರು ಕ್ರಿ.ಶ. 950ರದ್ದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರ ಎಂಬ ವೀರ, ಅವನ ದೊರೆ ಮೆಚ್ಚಿ ಏನು ಬೇಕು ಅಂದರೆ ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತಲೂ ಬರೆಸಿದರು. ಅಲ್ಲಿ ಆಚರಣೆಯನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ. ನಮ್ಮ ಕಲ್ಲಿನ ಆಚರಣೆ ನಾಲ್ಕಾರು ಅಜ್ಜಿಯರ ಬಾಯಲ್ಲಿ ಮಾತ್ರ ಇದೆ.

ಕಲ್ಲೂ ಭದ್ರವಾಗಿಲ್ಲ. ಹೋದ ಮಳೆಗಾಲದ ಮುಂಚೆ ಚರಂಡಿ ಕೆಲಸ ನಡೆಯಿತು. ಒಂದು ವಾರ ಬಿಟ್ಟು ಹೋದರೆ ಕಲ್ಲು ಜಾಗದಲ್ಲಿಲ್ಲ. ಚರಂಡಿಗೆ ಅಡ್ಡಲಾಗಿ, ಮುಖ ಕೆಳಗೆ ಮಾಡಿ ಹಾಸಿದ್ದರು. ಮೇಲೆ ಬೈಕುಗಳು ಓಡಾಡುತ್ತಿದ್ದವು. ಬೀದಿಯವರೆಲ್ಲ ಸೇರಿ ಹಾರೆ ಹಾಕಿ ಎತ್ತಿದೆವು. ಚಂದ್ರ ಇದ್ದ ಮೂಲೆ ಒಡೆದು ಹೋಗಿದೆ. ಕೆಲಸದ ಹುಡುಗರಿಗೆ ಬೈಯಲು ನನಗೆ ಮನಸ್ಸು ಬರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲು ಕೂಡ ಚರಂಡಿ ಅಗೆತದಲ್ಲೇ ಹೊರಬಂದದ್ದು. ಆಸಕ್ತರ ಕಣ್ಣಿಗೆ ಬಿದ್ದಿದ್ದರಿಂದ ಉಳಿಯಿತು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ತಾಲ್ಲೂಕಿನ ಶಾಸನಗಳ ಪಟ್ಟಿ ಪ್ರತಿ ಪಂಚಾಯಿತಿಯ, ಪಟ್ಟಣ ಪಂಚಾಯಿತಿಯ ಗೋಡೆಯ ಮೇಲೆ ಇರಲಿ. ಜೆಸಿಬಿ ಇಳಿಯುವ ಮುಂಚೆ ಯಾರಾದರೂ ಆ ಪಟ್ಟಿ ನೋಡಲಿ. ಮೈಸೂರು ವಿಶ್ವವಿದ್ಯಾಲಯ ತಂದಿರುವ ಎಪಿಗ್ರಾಫಿಯಾದ ಪರಿಷ್ಕೃತ ಸಂಪುಟಗಳಿವೆ, ಪಟ್ಟಿ ಮಾಡುವುದು ಒಂದು ದಿನದ ಕೆಲಸ. ಭಕ್ತಿಯಿಂದಲೇ ಆದರೂ ಕಲ್ಲಿಗೆ ದಯವಿಟ್ಟು ಆಯಿಲ್ ಪೇಂಟ್ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತದೆ. ಕೆಳಗೆ ನಿಧಿ ಇದೆ ಅಂತ ಅಗೆಯುವವರನ್ನು ತಡೆಯಿರಿ. ಎಲ್ಲಕ್ಕಿಂತ ಜಾಸ್ತಿ, ಆ ಕಲ್ಲಿಗೆ ಊರವರು ಏನಂತಾರೆ, ಯಾಕೆ ಹಾಗಂತಾರೆ ಅಂತ ಹತ್ತಿರದ ಮನೆಯ ಅಜ್ಜಿಯನ್ನು ಕೇಳಿ. ಅವರ ಮಾತಲ್ಲೇ ಬರೆದುಕೊಳ್ಳಿ. ಫೋನಲ್ಲಿ ರೆಕಾರ್ಡ್ ಮಾಡಿದರೂ ಆಯಿತು.

ನಮ್ಮ ಊರಿನ ಮತ್ತು ಅಕ್ಕಪಕ್ಕದ ಪಟ್ಟಿಯಲ್ಲಿ 17 ಕಲ್ಲುಗಳಿವೆ. ಇವತ್ತಿನವರೆಗೆ 13 ಸಿಕ್ಕಿವೆ. ಒಂದು ಬಟ್ಟೆ ಒಗೆಯುವ ಕಲ್ಲಾಗಿತ್ತು, ಮನೆಯವರು ತಾವಾಗಿಯೇ ಎತ್ತಿ ನಿಲ್ಲಿಸಿದರು. ಉಳಿದ ನಾಲ್ಕರಲ್ಲಿ ಒಂದು ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿಗೆ ನಿಲ್ಲಿಸಿದ ಕಲ್ಲು. ಬಳೆ ತೊಟ್ಟ ಕೈ ಮೇಲೆತ್ತಿರುವ ಕಲ್ಲನ್ನು ಚಿಕ್ಕಂದಿನಲ್ಲಿ ಹುಣಸೆ ತೋಪಿನ ಹತ್ತಿರ ಕಂಡಿದ್ದೆ ಅಂತ ಅದೇ ಅಜ್ಜಿ ಹೇಳುತ್ತಾರೆ. ತೋಪು ಈಗಿಲ್ಲ. ಭಾನುವಾರ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಜಾಗ ತೋರಿಸಿಕೊಳ್ಳಬೇಕು.

ಇಂತಿ ತಮ್ಮ ಓದುಗಿ,
ನಿವೃತ್ತ ಆರೋಗ್ಯ ಸಹಾಯಕಿ