ಗಣಿತ ಕೋಣೆಗೆ ದೇಣಿಗೆ ಮನವಿ: ಸೂತ್ರ ಮಕ್ಕಳ ಕೈಯಿಂದಲೇ ಬರಲಿ

ಹಳೆ ವಿದ್ಯಾರ್ಥಿಗಳೇ, ಊರಿನವರೇ, ಊರು ಬಿಟ್ಟು ದೂರ ಇರುವವರೇ, ನಮಸ್ಕಾರ.

ಶಿರಸಿ ತಾಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಒಂದು ಗಣಿತ ಕೋಣೆ ಮಾಡಬೇಕು ಅಂತ ಶಾಲೆಯ ಟ್ರಸ್ಟ್ ತೀರ್ಮಾನಿಸಿದೆ. ಅದಕ್ಕೆ ನಿಮ್ಮ ನೆರವು ಬೇಕು. ಆ ಕೋಣೆ ಯಾಕೆ ಅನ್ನುವುದನ್ನು ಮೊದಲು ಹೇಳುತ್ತೇವೆ.

ಹತ್ತನೇ ತರಗತಿಯಲ್ಲಿ ಸಮಾಂತರ ಶ್ರೇಢಿಯ ಪಾಠ ಇದೆ, ಅಂದರೆ ಪ್ರತಿ ಸಲ ಒಂದೇ ಸಂಖ್ಯೆ ಕೂಡಿಸುತ್ತಾ ಹೋಗುವ ಸಾಲು. ನೀವೂ ಓದಿದವರೇ. ಆ ಸಾಲಿನ ಎನ್‌ನೇ ಸಂಖ್ಯೆ ‘ಎ ಪ್ಲಸ್, ಎನ್ ಮೈನಸ್ ಒಂದು, ಇಂಟು ಡಿ’ (ಎ ಮೊದಲ ಸಂಖ್ಯೆ, ಡಿ ಪ್ರತಿ ಸಲ ಕೂಡಿಸುವುದು) ಅಂತ ಮಕ್ಕಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಆ ‘ಮೈನಸ್ ಒಂದು’ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇಲ್ಲ. ಇದು ಮಕ್ಕಳ ತಪ್ಪಲ್ಲ. ಸೂತ್ರ ಅವರಿಗೆ ಸಿದ್ಧವಾಗಿ ಸಿಕ್ಕಿದೆ, ಹುಡುಕುವ ಅವಕಾಶ ಸಿಕ್ಕಿಲ್ಲ.

ಎಂಟನೇ ತರಗತಿಯಲ್ಲಿ ಬೆಂಕಿಕಡ್ಡಿ ಹಂಚಿ ನೋಡಿದೆವು. ಒಂದು ಚೌಕಕ್ಕೆ 4 ಕಡ್ಡಿ. ಅದಕ್ಕೆ ಅಂಟಿಕೊಂಡು ಇನ್ನೊಂದು ಚೌಕ ಮಾಡಿದರೆ ಒಟ್ಟು 7. ಮೂರು ಚೌಕಕ್ಕೆ 10, ನಾಲ್ಕಕ್ಕೆ 13. ಹಾಗಾದರೆ 100 ಚೌಕಕ್ಕೆ? ಎಲ್ಲರೂ ಮೂರು ಮೂರು ಕೂಡಿಸುತ್ತಾ ಹೊರಟರು. ಇಪ್ಪತ್ತರ ಹತ್ತಿರ ಬರುವಾಗ ಬೇಜಾರು ಹತ್ತಿತು. ಹಾಗೆ ಬೇಜಾರು ಹತ್ತಿದಾಗಲೇ ಒಂದು ನಿಯಮ ಇದ್ದರೆ ಒಳ್ಳೆಯದಿತ್ತು ಅಂತ ಮಕ್ಕಳಿಗೆ ತಾನಾಗಿ ಅನಿಸುವುದು.

ಒಬ್ಬ ಹುಡುಗಿ ಹೇಳಿದಳು: ‘ಮೊದಲನೇ ಚೌಕಕ್ಕೆ 4, ಉಳಿದ 99ಕ್ಕೂ ಮೂರು ಮೂರೇ.’ 4 ಕೂಡಿಸು 297, ಅಂದರೆ 301. ಹಿಂದಿನ ಬೆಂಚಿನ ಹುಡುಗ ಎಡತುದಿಯ ಒಂದು ಕಡ್ಡಿ ತೆಗೆದು ಬದಿಗಿಟ್ಟ. ‘ಇದೊಂದು ಬಿಟ್ಟರೆ ಎಲ್ಲಾ ಚೌಕಕ್ಕೂ 3 ಕಡ್ಡಿ, ಅಲ್ವಾ?’ ಅಂದ. ಅವನಿಗೂ 301. ಮತ್ತೊಬ್ಬಳು ಚೌಕ ನೋಡಲೇ ಇಲ್ಲ. ಮೇಲಿನ ಸಾಲು 100, ಕೆಳಗಿನ ಸಾಲು 100, ನಿಂತ ಕಡ್ಡಿ 101 ಅಂತ ಎಣಿಸಿದಳು. ಅವಳದೂ ಅಷ್ಟೇ.

ಚೌಕ ಎಷ್ಟೋ ಅದಕ್ಕೆ ‘ಎನ್’ ಅಂತ ಇಟ್ಟು ಮೂರನ್ನೂ ಬೋರ್ಡಿನ ಮೇಲೆ ಬರೆಸಿದೆವು. 4 + 3(ಎನ್ − 1). 1 + 3ಎನ್. ಎನ್ + ಎನ್ + (ಎನ್ + 1). ಬಿಡಿಸಿದರೆ ಎಲ್ಲವೂ 3ಎನ್ + 1. ಮೊದಲನೆಯದನ್ನು ಸ್ವಲ್ಪ ನೋಡಿ, ಹತ್ತನೇ ತರಗತಿಯ ಸೂತ್ರವೇ ಅದು! ಮೊದಲ ಚೌಕ ಆಗಲೇ ಮೇಜಿನ ಮೇಲಿದೆ, ಹಾಗಾಗಿ ಸೇರಿಸುವ ಕೆಲಸ ಒಂದು ಸಲ ಕಡಿಮೆ. ‘ಮೈನಸ್ ಒಂದು’ ಅಂದರೆ ಅಷ್ಟೇ. ಬೀಜಗಣಿತದ ಅಕ್ಷರ ಕಂಡರೆ ಹೆದರುವ ಮಕ್ಕಳು ಅವತ್ತು ಹೆದರಲಿಲ್ಲ, ಯಾಕಂದರೆ ಆ ‘ಎನ್’ ಅವರದೇ ಆಗಿತ್ತು.

ಅಡಿಕೆಗಂತೂ ನಮ್ಮಲ್ಲಿ ಬರವಿಲ್ಲ. ಬಿಳಿ ಬಣ್ಣದ ಚಾಲಿ ಅಡಿಕೆಯನ್ನು ಮೊದಲ ಸಾಲಿಗೆ 1, ಎರಡನೆಯದಕ್ಕೆ 2, ಹೀಗೆ ಜೋಡಿಸುತ್ತಾ ಹೋದರೆ ಒಟ್ಟು 1, 3, 6, 10, 15 ಆಗುತ್ತದೆ. ಇಲ್ಲಿ ಹೆಚ್ಚಳ ಒಂದೇ ಸಮ ಇಲ್ಲ, ಹಿಂದಿನ ಉಪಾಯ ನಡೆಯುವುದಿಲ್ಲ. ಅಷ್ಟೇ ದೊಡ್ಡ ಇನ್ನೊಂದು ಮೆಟ್ಟಿಲನ್ನು ಕೆಂಪಡಿಕೆಯಲ್ಲಿ ಮಾಡಿ, ತಲೆಕೆಳಗಾಗಿ ಪಕ್ಕಕ್ಕೆ ಕೂಡಿಸಿದರೆ ಆಯತ ಸಿಗುತ್ತದೆ. 5 ಸಾಲು, ಸಾಲಿಗೆ 6, ಒಟ್ಟು 30. ಅದರ ಅರ್ಧ 15. ಎನ್ ಸಾಲಿಗೆ ಎನ್ ಗುಣಿಸು (ಎನ್ + 1), ಅದರ ಅರ್ಧ.

ಕನ್ನಡ ತರಗತಿಯಲ್ಲೂ ಇದೇ ಆಟ ಇದೆ. ಲಘು ಒಂದು ಮಾತ್ರೆ, ಗುರು ಎರಡು. 3 ಮಾತ್ರೆಯ ಗಣವನ್ನು 3 ರೀತಿ ಮಾಡಬಹುದು, 4 ಮಾತ್ರೆಯದನ್ನು 5 ರೀತಿ, 5 ಮಾತ್ರೆಯದನ್ನು 8 ರೀತಿ. ಗಣದ ಕೊನೆಯಲ್ಲಿ ಲಘು ಇರಬೇಕು, ಇಲ್ಲವೇ ಗುರು. ಲಘು ಇದ್ದರೆ ಅದರ ಹಿಂದೆ ಉಳಿದದ್ದು ಒಂದು ಮಾತ್ರೆ ಕಡಿಮೆಯ ಗಣ, ಗುರು ಇದ್ದರೆ ಎರಡು ಮಾತ್ರೆ ಕಡಿಮೆಯದು. ಅದಕ್ಕೇ ಹಿಂದಿನ ಎರಡು ಸಂಖ್ಯೆ ಕೂಡಿಸಿದರೆ ಮುಂದಿನದು ಬರುತ್ತದೆ. ಫಿಬೊನಾಚಿ ಸಂಖ್ಯೆ ಅಂತ ಜಗತ್ತು ಕರೆಯುವ ಈ ಸಾಲನ್ನು, ಇಟಲಿಯ ಗಣಿತಜ್ಞ ಫಿಬೊನಾಚಿ 1202ರಲ್ಲಿ ಪುಸ್ತಕ ಬರೆಯುವ ಮೊದಲೇ ನಮ್ಮ ದೇಶದ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಹೇಳಿದ್ದ.

ಇನ್ನೊಂದು ಮಾತು ಇವೆಲ್ಲಕ್ಕಿಂತ ಮುಖ್ಯ ಅಂತ ನಮ್ಮ ನಂಬಿಕೆ. ನಾಲ್ಕೈದು ಸಂಖ್ಯೆ ನೋಡಿ ನಿಯಮ ಹೇಳಿಬಿಟ್ಟರೆ ಸಾಲದು. ವೃತ್ತದ ಮೇಲೆ ಚುಕ್ಕೆ ಇಟ್ಟು, ಪ್ರತಿ ಎರಡು ಚುಕ್ಕೆಗೂ ಗೆರೆ ಎಳೆದು, ಒಳಗೆ ಎಷ್ಟು ಭಾಗ ಆಯಿತು ಅಂತ ಎಣಿಸಿ. 1, 2, 4, 8, 16. ಆರನೇ ಚುಕ್ಕೆಗೆ 32 ಅಂತ ಎಲ್ಲರೂ ಕೂಗುತ್ತಾರೆ. ಮೂರು ಗೆರೆ ಒಂದೇ ಕಡೆ ಕೂಡದ ಹಾಗೆ ಎಳೆದು ಎಣಿಸಿದರೆ 31! ಎಷ್ಟು ಸಲ ಎಣಿಸಿದರೂ 31. ‘ಯಾಕೆ’ ಅಂತ ಕೇಳದೆ ನಿಯಮವನ್ನು ನಂಬಬಾರದು ಅನ್ನುವುದು ಆಗ ಮಕ್ಕಳಿಗೆ ಹೇಳಿಕೊಡದೆ ತಿಳಿಯುತ್ತದೆ.

ಇದಕ್ಕೆಲ್ಲ ಜಾಗ ಬೇಕು, ಹೊತ್ತು ಬೇಕು. 40 ನಿಮಿಷದ ಪೀರಿಯಡ್‌ನಲ್ಲಿ ಅಡಿಕೆ ಹರಡಿ, ನೋಡಿ, ಮತ್ತೆ ತುಂಬಿಡುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಇಳಿಜಾರು ಡೆಸ್ಕಿನಿಂದ ಅಡಿಕೆ ಉರುಳುತ್ತದೆ. ಜೋಡಿಸಿದ್ದನ್ನು ನಾಳೆಯವರೆಗೆ ಹಾಗೇ ಬಿಡುವಂತಿಲ್ಲ.

ಪ್ರಯೋಗಶಾಲೆಯ ಪಕ್ಕದಲ್ಲಿ ಒಂದು ಕೋಣೆ ಖಾಲಿ ಇದೆ. ಹೆಂಚು ಒಡೆದಿದೆ, ಪಕಾಸು ಹಾಳಾಗಿದೆ, ಮಳೆಗಾಲದಲ್ಲಿ ಜಾಸ್ತಿ ಸೋರುತ್ತದೆ. ಮಾಡು ರಿಪೇರಿಗೆ 85,000 ರೂಪಾಯಿ ಅಂದಾಜಾಗಿದೆ. ಅಗಲದ ಸಪಾಟು ಮೇಜು 6 ಬೇಕು, ಒಂದಕ್ಕೆ 6,000. ಕಡ್ಡಿ, ಬಣ್ಣದ ಬಿಲ್ಲೆ, ಮೊಳೆ ಹಲಗೆ, ಚೌಕಳಿ ಹಾಳೆ ಇರುವ ಪೆಟ್ಟಿಗೆ 12 ಬೇಕು, ಒಂದಕ್ಕೆ 1,500. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಉಳಿಯುವ ಮಕ್ಕಳಲ್ಲಿ ದೂರದವರನ್ನು ಮನೆ ಮುಟ್ಟಿಸುವ ವಾಹನಕ್ಕೆ ವರ್ಷಕ್ಕೆ 41,000. ಒಟ್ಟು 1,80,000 ರೂಪಾಯಿ.

ಅದರ ಬದಲು ಒಂದು ಸ್ಮಾರ್ಟ್ ಬೋರ್ಡ್ ಹಾಕಿಸಬಾರದಾ ಅಂತ ಕೆಲವರು ಪ್ರೀತಿಯಿಂದಲೇ ಕೇಳಿದ್ದಾರೆ. ಬೇಡ ಅಂತಲ್ಲ. ಆದರೆ ಪರದೆ ಮೇಲೆ ಉತ್ತರ ತಾನೇ ಓಡಿ ಬರುತ್ತದೆ. ಕಡ್ಡಿ ಎತ್ತಿ ಬದಿಗಿಟ್ಟ ಆ ಹುಡುಗನಿಗೆ ಕಡ್ಡಿಯೇ ಬೇಕಿತ್ತು.

ಒಂದು ಪೆಟ್ಟಿಗೆಯ ಖರ್ಚು ಕೊಟ್ಟರೂ ಸಂತೋಷ, ಒಂದು ಮೇಜಿನದಾದರೂ ಸಂತೋಷ. 100 ರೂಪಾಯಿಗೂ ರಸೀದಿ ಇದೆ. ಹೆಂಚು, ಮರ, ಒಂದು ಚೀಲ ಅಡಿಕೆ ಕೊಡುವವರೂ ಕೊಡಬಹುದು. ನಿವೃತ್ತ ಗಣಿತ ಶಿಕ್ಷಕರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬಂದು ಕೂತರೆ ಅದಕ್ಕಿಂತ ದೊಡ್ಡ ದೇಣಿಗೆ ಇಲ್ಲ. ಹಣವನ್ನು ಚೆಕ್ ಅಥವಾ ನಗದಾಗಿ ಶಾಲಾ ಕಚೇರಿಯಲ್ಲೇ ಕೊಡಿ. ಜಮಾ ಖರ್ಚನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಜೂನ್‌ನಲ್ಲಿ ಮಳೆ ಹಿಡಿದರೆ ಮಾಡಿನ ಕೆಲಸ ಆಗುವುದಿಲ್ಲ. ಹಾಗಾಗಿ ಮಾಡಿಗೆ ಕೊಡುವವರು ದಯವಿಟ್ಟು ಏಪ್ರಿಲ್ ಒಳಗೆ ತಿಳಿಸಿ.