ಭಾನುವಾರ ಎಲ್ಲರೂ ಬನ್ನಿ: ಆಟದ ಮಕ್ಕಳು ಮತ್ತು ನಶೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ, ಪ್ರಾಕ್ಟೀಸ್ ಮುಗಿದ ಕೂಡಲೇ, ನೆಹರೂ ಕ್ರೀಡಾಂಗಣದಲ್ಲಿ ಸೇರೋಣ. ಪಿಯುಸಿ, ಡಿಗ್ರಿಯ ಕಬಡ್ಡಿ ಮಕ್ಕಳೆಲ್ಲ ಬರಬೇಕು, ಮನೆಯಿಂದ ಒಬ್ಬರಾದರೂ ಜೊತೆಗಿರಲಿ.

ಹೋದ ವಾರ ಸಾಗರದಿಂದ ಬರುವಾಗ ಟೆಂಪೋ ಸೀಟಿನ ಕೆಳಗೆ, ನೀಕ್ಯಾಪ್‌ನಲ್ಲಿ ಸುತ್ತಿಟ್ಟ ಕ್ವಾರ್ಟರ್ ಬಾಟಲಿ ಸಿಕ್ಕಿತು. ಯಾರದೆಂದು ಕೇಳಿಲ್ಲ, ಕೇಳುವುದೂ ಇಲ್ಲ. ಆ ರಾತ್ರಿ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ. ಗೆದ್ದ ಖುಷಿಗೆ ಕುಡಿದರೂ ಮೈಯ ನೀರು ಇಳಿಯುತ್ತೆ, ನಿದ್ದೆ ಕೆಡುತ್ತೆ, ಪೆಟ್ಟು ಬೇಗ ಮಾಯಲ್ಲ. ಗಾಂಜಾ ವಾಡಾದ (ಆಟಗಾರರ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ. ಸ್ಪರ್ಧೆಯ ಹೊತ್ತಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಆಟಕ್ಕೇ ನಿಷೇಧ ಬೀಳಬಹುದು. ಕೆಮ್ಮಿನ ಸಿರಪ್ ಕೂಡ ಡಾಕ್ಟರನ್ನು ಕೇಳದೆ ಬೇಡ.

ಬಿಡಲು ಕಷ್ಟವಾಗುತ್ತಿರುವವರು ನಶೆ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಉಚಿತ. ನನ್ನ ಹತ್ತಿರವೂ ಹೇಳಬಹುದು, ತಂಡದಿಂದ ಯಾರನ್ನೂ ತೆಗೆಯಲ್ಲ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ತಿಂಡಿಗೆ ಹೇಳಬೇಕು.