ಜೇಬಿನಲ್ಲಿರುವ ಫೋನಿಗೂ ಅರ್ಧ ಪುಟ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ತಂತ್ರಜ್ಞಾನ ಪುಟವನ್ನು ವಾರವಾರವೂ ತಪ್ಪದೆ ಓದುತ್ತೇನೆ. ಓದಿದ ಮೇಲೆ ಗಿರಾಕಿಗಳ ಕೈಗೂ ಸಿಗಲೆಂದು ಅಂಗಡಿಯ ಕೌಂಟರ್ ಮೇಲೆ ಇಡುತ್ತೇನೆ. ಯಾವ ಕಂಪನಿ ಯಾವ ಫೋನು ಬಿಟ್ಟಿತು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬೆಲೆ ಎಷ್ಟು ಎಂಬುದೆಲ್ಲ ಅಲ್ಲಿ ವಿವರವಾಗಿ ಬರುತ್ತದೆ. ಆದರೆ ಜನ ಈಗಾಗಲೇ ದುಡ್ಡು ಕೊಟ್ಟು ತಂದಿಟ್ಟುಕೊಂಡ ಫೋನಿನಿಂದ ಪೂರ್ತಿ ಕೆಲಸ ತೆಗೆಯುವುದು ಹೇಗೆ ಎಂಬುದು ಬರುವುದು ಬಹಳ ಅಪರೂಪ. ಬಟನ್ ಫೋನುಗಳ ಕಾಲದಿಂದ ತೀರ್ಥಹಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡು ಬಂದವನು ನಾನು. "ಇದು ಹೋಯ್ತು ಮಾರಾಯ, ಹೊಸದೇ ತಗೊಳ್ಳೋದಾ?" ಎಂದು ನನ್ನ ಟೇಬಲ್ ಮೇಲೆ ಇಡುವ ಫೋನುಗಳಲ್ಲಿ ಬಹಳಷ್ಟಕ್ಕೆ ಏನೂ ಆಗಿರುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಚಾರ್ಜ್ ಆಗುವುದಿಲ್ಲ ಎಂಬ ದೂರನ್ನೇ ತೆಗೆದುಕೊಳ್ಳಿ. ಅಡಿಕೆ ಸುಲಿಯುವ ದಿನಗಳಲ್ಲಿ ಇದು ಜಾಸ್ತಿ. ಅಂಗಿ ಜೇಬಿನ ನೂಲು, ಅಂಗಳದ ದೂಳು ಎಲ್ಲ ಸೇರಿ ಚಾರ್ಜಿಂಗ್ ಪಿನ್ನಿನೊಳಗೆ ಕೂತಿರುತ್ತದೆ. ಕೇಬಲ್ ಚುಚ್ಚಿದಷ್ಟು ಸಲವೂ ಅದು ಇನ್ನಷ್ಟು ಒಳಕ್ಕೆ ಒತ್ತಿಕೊಂಡು ಗಟ್ಟಿ ಪದರವಾಗುತ್ತದೆ. ಆಮೇಲೆ ಕೇಬಲ್ ಪೂರ್ತಿ ಒಳಗೆ ಕೂರುವುದಿಲ್ಲ. ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಫೋನ್ ಆಫ್ ಮಾಡಿ, ಟಾರ್ಚ್ ಬೆಳಕಿನಲ್ಲಿ ನೋಡಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ಅಂಚಿನ ಗುಂಟ ಮೆಲ್ಲಗೆ ಕೆರೆದು ತೆಗೆದರೆ ಬೆರಳ ತುದಿಯಷ್ಟು ಜುಂಗು ಈಚೆ ಬರುತ್ತದೆ. ಕೇಬಲ್ ಟಕ್ಕೆಂದು ಕೂರುತ್ತದೆ, ಅಷ್ಟೇ. ಟೈಪ್-ಸಿ ಪಿನ್ನಿನ ನಡುವೆ ನಾಲಗೆಯಂಥ ತೆಳು ಪಟ್ಟಿಯೊಂದಿದೆ, ಅದನ್ನು ಮಾತ್ರ ಮುಟ್ಟಬಾರದು. ಸೂಜಿ, ಗುಂಡುಪಿನ್ನು ಹಾಕಿ ಅದನ್ನು ಮುರಿದುಕೊಂಡು ಬಂದರೆ ಆಗ ನಿಜವಾಗಿಯೂ ರಿಪೇರಿ ಖರ್ಚು ಬೀಳುತ್ತದೆ. ಬಾಯಿಂದ ಉಫ್ ಎಂದು ಊದುವುದೂ ಬೇಡ, ಎಂಜಲಿನ ಪಸೆ ಒಳಗೆ ಹೋಗುತ್ತದೆ.

ಮಳೆಗಾಲ ಬಂತೆಂದರೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟ ಫೋನುಗಳು ಬರಲು ಶುರು. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು 2024ರಲ್ಲಿ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ, ಅಕ್ಕಿಯ ಹುಡಿ ಒಳಗೆ ಸೇರಿ ಮತ್ತಷ್ಟು ಹಾಳಾಗುತ್ತದೆ ಅಂತ. ಕೂಡಲೇ ಆಫ್ ಮಾಡಿ, ಸಿಮ್ ಟ್ರೇ ಹೊರಗೆ ತೆಗೆದು, ಪಿನ್ನು ಕೆಳಮುಖವಾಗುವಂತೆ ಗಾಳಿಯಾಡುವಲ್ಲಿ ಇಡಬೇಕು. ಒಣಗುವ ಮೊದಲು ಚಾರ್ಜಿಗೆ ಹಾಕಲೇಬಾರದು. ನೀರಿಗಿಂತ ಹೆಚ್ಚು ಫೋನುಗಳನ್ನು ಕೊಲ್ಲುವುದು ಆ ಅವಸರದ ಚಾರ್ಜು.

ನಮ್ಮ ಕಡೆಯವರಿಗೆ ಇನ್ನೂ ಮುಖ್ಯವಾದದ್ದು ವೈ-ಫೈ ಕಾಲಿಂಗ್, ಅಂದರೆ ಟವರಿನ ಸಿಗ್ನಲ್ ಬದಲು ಮನೆಯ ವೈ-ಫೈ ಮೂಲಕ ಕರೆ ಮಾಡುವುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಇಲ್ಲ. ಫೋನ್ ಮಾಡಬೇಕೆಂದರೆ ಗುಡ್ಡ ಹತ್ತಬೇಕು, ಇಲ್ಲವೇ ಗೇಟಿನ ಹತ್ತಿರದ ಒಂದು ಕಲ್ಲಿನ ಮೇಲೆ ನಿಲ್ಲಬೇಕು. ಆದರೆ ಅದೇ ಮನೆಗಳಿಗೆ ಈಗ ಫೈಬರ್ ಇಂಟರ್ನೆಟ್ ಬಂದಿದೆ. ಮಕ್ಕಳು ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ಮಗ ಒಳಗೆ ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಮಾಡುತ್ತಿರುವಾಗ ಅಪ್ಪ ಡಾಕ್ಟರಿಗೆ ಫೋನ್ ಮಾಡಲು ಕೊಡೆ ಹಿಡಿದು ಗುಡ್ಡ ಹತ್ತುತ್ತಿರುತ್ತಾರೆ! ಏರ್‌ಟೆಲ್ 2019ರ ಕೊನೆಯಲ್ಲಿ, ಜಿಯೋ 2020ರ ಜನವರಿಯಲ್ಲಿ ಈ ಸೌಲಭ್ಯವನ್ನು ಶುರು ಮಾಡಿದವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ವೈ-ಫೈ ಕಾಲಿಂಗ್ ಎಂಬುದನ್ನು ಆನ್ ಮಾಡಿದರೆ ಮುಗಿಯಿತು. ಮಾಮೂಲಿ ನಂಬರಿನಿಂದಲೇ ಕರೆ ಹೋಗುತ್ತದೆ, ಮಾಮೂಲಿ ನಂಬರಿಗೇ ಬರುತ್ತದೆ. ಬೇರೆ ಆ್ಯಪ್ ಬೇಡ, ದೇಶದೊಳಗಿನ ಕರೆಗೆ ಬೇರೆ ದುಡ್ಡೂ ಇಲ್ಲ, ಆಚೆ ಕಡೆಯವರು ಏನೂ ಮಾಡಬೇಕಾಗಿಲ್ಲ. ಫೋನು ಇದನ್ನು ಬೆಂಬಲಿಸಬೇಕು ನಿಜ, ಆದರೆ ಈಚಿನ ಫೋನುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನೊಣಬೂರು ಕಡೆಯಿಂದ ಬಂದ ಹಿರಿಯರೊಬ್ಬರ ಫೋನಿನಲ್ಲಿ ಇದನ್ನು ಆನ್ ಮಾಡಿಕೊಟ್ಟು ಕಳಿಸಿದೆ. ಸಂಜೆ ಮನೆಯೊಳಗಿನಿಂದಲೇ ನನಗೆ ಫೋನ್ ಮಾಡಿ, "ಅಡುಗೆಮನೆಯಲ್ಲಿ ಕೂತು ಮಾತಾಡ್ತಾ ಇದೀನಿ ಕಣೋ" ಎಂದರು. ಅವರ ಹೆಂಡತಿಯೂ ಫೋನ್ ಇಸಕೊಂಡು ಮಾತಾಡಿದರು. ಈ ಒಂದು ವಿಷಯವನ್ನು ನೀವು ದೊಡ್ಡ ಅಕ್ಷರದಲ್ಲಿ ಪ್ರಕಟಿಸಿದರೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗಿನ ಸಾವಿರಾರು ಮನೆಗಳಿಗೆ ಉಪಕಾರವಾದೀತು.

ವಯಸ್ಸಾದವರ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಿದೆ. ಹೊರದೇಶದಲ್ಲಿರುವ ಮಕ್ಕಳು ದುಬಾರಿ ಫೋನು, ಟ್ಯಾಬು ಕಳಿಸುತ್ತಾರೆ. ಅದರಲ್ಲಿ ಅಕ್ಷರ ಸಾಸಿವೆ ಗಾತ್ರ, ಭಾಷೆ ಇಂಗ್ಲಿಷು. ಅಮ್ಮನಿಗೆ ಫೋನ್ ಎತ್ತುವುದು ಬಿಟ್ಟರೆ ಬೇರೇನೂ ಬಾರದು, 'ನಮಗೆಲ್ಲಿ ಇದೆಲ್ಲ' ಅಂತ ಪಕ್ಕಕ್ಕಿಡುತ್ತಾರೆ. ಅಂಥವರಿಗೆ ನಾನು ಮೊದಲು ಮಾಡುವ ಕೆಲಸ ಭಾಷೆಯನ್ನು ಕನ್ನಡಕ್ಕೆ ತರುವುದು. ಎರಡನೆಯದು ಅಕ್ಷರ ದಪ್ಪ ಮಾಡುವುದು. ಕೀಬೋರ್ಡಿಗೆ ಕನ್ನಡ ಸೇರಿಸಿ ಮೈಕಿನ ಗುರುತು ತೋರಿಸಿಕೊಡುವುದು ಮೂರನೆಯದು. 2017ರಿಂದಲೇ ಗೂಗಲ್ ಕೀಬೋರ್ಡಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿ ಮೂಡುತ್ತದೆ. ತಹಸೀಲ್ದಾರರಿಗೆ ಅರ್ಜಿ ಬರೆಸಲು ಯಾರ್‍ಯಾರನ್ನೋ ಕಾಯುತ್ತಿದ್ದ ರೈತರೊಬ್ಬರು ಈಗ ಅರ್ಜಿಯನ್ನು ಫೋನಿಗೇ ಹೇಳಿ, ಪೂರ್ಣವಿರಾಮ, ಅಲ್ಪವಿರಾಮ ಮಾತ್ರ ಕೈಯಲ್ಲಿ ಹಾಕಿ, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಾರೆ. ಕಿವಿ ಮಂದವಾದವರಿಗೆ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಉಚಿತ ಆ್ಯಪ್ ಇದೆ, ಎದುರಿನವರು ಆಡಿದ ಮಾತು ಪರದೆಯ ಮೇಲೆ ಬರಹವಾಗಿ ಕಾಣುತ್ತದೆ. ದೃಷ್ಟಿ ಇಲ್ಲದವರು ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನವರು 2020ರಲ್ಲಿ ಮಣಿ ಎಂಬ ಆ್ಯಪ್ ಬಿಟ್ಟಿದ್ದಾರೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ. ಮಕ್ಕಳೇ, ಫೋನು ಕಳಿಸುವಾಗ ಇಷ್ಟನ್ನು ಮಾಡಿ ಕಳಿಸಿ. ಟೆಂಪರ್ಡ್ ಗ್ಲಾಸು, ಬ್ಯಾಕ್ ಕವರು ಆಮೇಲೆ ನಾವು ಹಾಕಿಕೊಡುತ್ತೇವೆ.

ರೈತರ ಜೇಬಿನಲ್ಲಿರುವ ಫೋನಿಗೆ ಇನ್ನೂ ಎರಡು ಕೆಲಸ ಹೇಳಬಹುದು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ತೋಟದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಸುತ್ತಮುತ್ತ ಸಿಡಿಲಿನ ಅಪಾಯವಿದ್ದರೆ ಎಚ್ಚರಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ದಿನಗಳಲ್ಲಿ ಅಡಿಕೆ ತೋಟಕ್ಕೆ ಹೋಗುವವರೆಲ್ಲ ಇದನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಕಳಕಳಿ. ಆಗುಂಬೆ ಘಾಟಿ ಇಳಿಯುವವರು ಮನೆಯಲ್ಲಿದ್ದಾಗಲೇ ಗೂಗಲ್ ಮ್ಯಾಪಿನಲ್ಲಿ ಆ ಭಾಗದ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಹೋದರೂ ದಾರಿ ತಪ್ಪುವುದಿಲ್ಲ. ಜಿಪಿಎಸ್‌ಗೆ ಸಿಮ್ಮಿನ ಸಿಗ್ನಲ್ ಬೇಕಿಲ್ಲ.

ಫೋನ್ ಸ್ಲೋ ಆಗಿದೆ ಎನ್ನುವವರ ಫೋನ್ ತೆರೆದರೆ ವಾಟ್ಸ್‌ಆ್ಯಪ್ ತುಂಬ ಶುಭೋದಯದ ಚಿತ್ರ, ಒಂದೇ ವಿಡಿಯೊ ಹತ್ತು ಗ್ರೂಪಿನಿಂದ. ಸ್ಟೋರೇಜ್ ವಿಭಾಗಕ್ಕೆ ಹೋಗಿ ದೊಡ್ಡ ಫೈಲುಗಳನ್ನು ಅಳಿಸಿ, ತಾನಾಗೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ಸಾಕು.

ಸಾಮಾನು ಮಾರುವವನಾಗಿಯೂ ಒಂದು ಮಾತು ಹೇಳಬೇಕು. ಕವರು, ಸ್ಟ್ಯಾಂಡು ಯಾವುದಾದರೂ ನಡೆಯುತ್ತದೆ. ಚಾರ್ಜರ್ ಮತ್ತು ಬ್ಯಾಟರಿಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಚಾರ್ಜರ್, ಪವರ್ ಬ್ಯಾಂಕ್‌ಗಳಿಗೆ ಬಿಐಎಸ್ (ಸಾಮಾನಿನ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಕಡ್ಡಾಯ. ಅವುಗಳ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯ ಯಾವ ಸಾಮಾನಿನದು ಎಂದು ಗೊತ್ತಾಗುತ್ತದೆ. ನನ್ನ ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಿ ಕೊಳ್ಳಿ, ನನಗೆ ಸಂತೋಷವೇ. ಲಿಥಿಯಂ ಬ್ಯಾಟರಿಯ ದೊಡ್ಡ ಶತ್ರು ಬಿಸಿ. ದಿಂಬಿನ ಕೆಳಗೆ ಚಾರ್ಜಿಗಿಡುವುದು, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡುವುದು, ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡುವುದು ಅದರ ಆಯಸ್ಸನ್ನು ತಿನ್ನುತ್ತವೆ. ಈಚಿನ ಹಲವು ಫೋನುಗಳಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆ, ಮನೆಯಲ್ಲೇ ಇರುವವರಿಗೆ ಅಷ್ಟು ಸಾಕಾಗುತ್ತದೆ. ಹಿಂಬದಿಯ ಮುಚ್ಚಳ ಉಬ್ಬಿ ಎದ್ದಿದ್ದರೆ ಒತ್ತಿ ಕೂರಿಸಲು ಹೋಗದೆ ಕೂಡಲೇ ಆಫ್ ಮಾಡಿ ತನ್ನಿ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಬ್ಯಾಟರಿ ಬದಲಿಸಿದರೆ ಒಳ್ಳೆಯ ಫೋನು ಇನ್ನೂ ಕೆಲವು ವರ್ಷ ಬರುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯವರು 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ಲನ್ನೇ ತೆರೆದಿದ್ದಾರೆ. ಕಂಪನಿಗಳ ರಿಪೇರಿ ಮಾಹಿತಿ, ಸರ್ವಿಸ್ ಸೆಂಟರ್ ವಿವರ ಅದರಲ್ಲಿ ಸಿಗುತ್ತದೆ. ನನ್ನ ಗಿರಾಕಿಗಳಲ್ಲಿ ಇದನ್ನು ಕೇಳಿದವರೇ ಇಲ್ಲ.

ಇದೆಲ್ಲ ಹೇಳಿಕೊಡಲು ಜಾಗವೂ ಇದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸರ್ಕಾರ ಅರಿವು ಕೇಂದ್ರಗಳನ್ನಾಗಿ ಮಾಡಿದೆ, ಹಲವು ಕಡೆ ಕಂಪ್ಯೂಟರ್, ಟಿವಿ ಬಂದಿವೆ. ಅಲ್ಲಿ ತಿಂಗಳಿಗೊಂದು ಮಧ್ಯಾಹ್ನ ಊರಿನ ಹಿರಿಯರು ತಮ್ಮ ಫೋನು ಹಿಡಿದು ಬರಲಿ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಪಕ್ಕದಲ್ಲಿ ಕೂತು ಕಲಿಸಲಿ. ವಾಟ್ಸ್‌ಆ್ಯಪಿನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲು) ಒತ್ತಬಾರದು, ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, *#06# ಒತ್ತಿದರೆ ಬರುವ ಐಎಂಇಐ ನಂಬರನ್ನು (ಆ ಫೋನಿನದೇ ಗುರುತಿನ ಸಂಖ್ಯೆ) ಪುಸ್ತಕದಲ್ಲಿ ಬರೆದಿಟ್ಟರೆ ಕಳೆದ ಫೋನನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ಬ್ಲಾಕ್ ಮಾಡಿಸಬಹುದು ಎಂಬುದನ್ನೂ ಅಲ್ಲೇ ಹೇಳಿದರಾಯಿತು. ನಮ್ಮ ತಾಲ್ಲೂಕಿನ ಯಾವ ಪಂಚಾಯಿತಿಯವರು ಕರೆದರೂ ಅಂಗಡಿ ಅರ್ಧ ದಿನ ಮುಚ್ಚಿ ನಾನು ಬರುತ್ತೇನೆ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಹೊಸ ಫೋನುಗಳ ಸುದ್ದಿ ಬರಲಿ, ಬೇಡ ಎನ್ನುವುದಿಲ್ಲ. ಆ ಪುಟದ ಅರ್ಧವನ್ನು ಕೈಯಲ್ಲಿರುವ ಫೋನಿಗೆ ಮೀಸಲಿಡಿ, ಸೆಟ್ಟಿಂಗ್ಸ್‌ನ ಚಿತ್ರ ಸಮೇತ, ಓದಿದವರು ಪತ್ರಿಕೆ ಪಕ್ಕದಲ್ಲಿಟ್ಟುಕೊಂಡೇ ಮಾಡಿ ನೋಡುವಂತೆ. ಶುರು ಮಾಡುವುದಾದರೆ ವೈ-ಫೈ ಕಾಲಿಂಗ್‌ನಿಂದ ಶುರು ಮಾಡಿ. ಜೂನ್ ಒಳಗೆ ಬಂದರೆ ಒಳ್ಳೆಯದು; ಮಳೆ ಹಿಡಿದ ಮೇಲೆ ನಮ್ಮಲ್ಲಿ ಗುಡ್ಡ ಹತ್ತುವುದು ಕಷ್ಟ.

ಇಂತಿ,
ಮೊಬೈಲ್ ರಿಪೇರಿ ಅಂಗಡಿಯವ,
ತೀರ್ಥಹಳ್ಳಿ